ಅಪ್ಪನ ಮಿಲಿಟರಿ ಗೆಳೆಯ ತೀರಿಕೊಂಡಿದ್ದಾರೆ, ಅಪ್ಪನಿಗೆ ಇನ್ನೂ ಹೇಳಿಲ್ಲ

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಒಂದು ಹಳ್ಳಿ. ಅಪ್ಪನಿಗೆ ಎಪ್ಪತ್ತಾರು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. 1968ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಭರ್ತಿಯಾದವರು. ಅಲ್ಲಿ ಒಂದೇ ಬ್ಯಾರಕ್ಕಿನಲ್ಲಿ ಪಕ್ಕದ ಮಂಚ ಸಿಕ್ಕಿದ್ದು ಕುಂಭಕೋಣಂ ಕಡೆಯ ಒಬ್ಬ ಹುಡುಗನಿಗೆ. ನಾವು ಮಕ್ಕಳೆಲ್ಲ ಕರೆಯುತ್ತಿದ್ದದ್ದು ಕುಂಭಕೋಣಂ ಮಾಮ ಅಂತ. ಮೊದಲ ವರ್ಷ ಇಬ್ಬರಿಗೂ ಅಷ್ಟಕ್ಕಷ್ಟೇ. ಒಂದು ಬಕೆಟ್ ವಿಷಯಕ್ಕೆ ಹೊಡೆದಾಡಿ ಇಬ್ಬರೂ ಶಿಕ್ಷೆ ತಿಂದಿದ್ದರಂತೆ.

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಗಡಿಯಾಚೆಯ ಶಕರ್‌ಗಢ ಕಡೆ, ಬಸಂತರ್ ಹೊಳೆ ಹತ್ತಿರ ಇಬ್ಬರೂ ಒಟ್ಟಿಗೆ ಇದ್ದರು. ಟ್ಯಾಂಕುಗಳು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತ ಮೈನುಗಳನ್ನು ತೆಗೆದು ದಾರಿ ಮಾಡಿಕೊಡಬೇಕು, ಅದು ಸ್ಯಾಪರ್‌ಗಳ, ಅಂದರೆ ಇವರಂಥ ಎಂಜಿನಿಯರ್ ಪಡೆಯ ಸೈನಿಕರ ಕೆಲಸ. ರಾತ್ರಿ ಹೊತ್ತು, ಕೊರೆಯುವ ಚಳಿ, ಹೊಟ್ಟೆ ಮೇಲೆ ಮಲಗಿಕೊಂಡು ಸರಳಿನಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತಾ ಹೋಗುವುದು. ತೆಗೆದ ಜಾಗಕ್ಕೆ ಬಿಳಿ ಪಟ್ಟಿ ಕಟ್ಟುವುದು. 15ರ ರಾತ್ರಿ ಆ ಕಡೆ ದಾರಿ ಇನ್ನೂ ಪೂರ್ತಿ ಆಗುವ ಮೊದಲೇ, ಮುಂದೆ ಇದ್ದವರಿಗೆ ಅಪಾಯ ಅಂತ ಗೊತ್ತಾಗಿ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಉಳಿದ ಮೈನುಗಳ ಮೇಲೇ ನುಗ್ಗಿದವು. ಅಪ್ಪ ಅದನ್ನು ಹೇಳುವಾಗ ಈಗಲೂ ಎದ್ದು ನಿಲ್ಲುತ್ತಾರೆ.

ಆದರೆ ಮಾಮನ ಕಾಲು ಹೋಗಿದ್ದು ಯುದ್ಧದಲ್ಲಿ ಅಲ್ಲ. 17ನೇ ತಾರೀಖು ರಾತ್ರಿ ಎಂಟಕ್ಕೆ ಗುಂಡು ನಿಂತಿತು, ಎಲ್ಲರೂ ಹಬ್ಬ ಮಾಡಿದರು. ಇವರಿಗೆ ಮಾತ್ರ ಕೆಲಸ ಶುರುವಾಗಿದ್ದೇ ಆಮೇಲೆ. ಗಡಿ ಉದ್ದಕ್ಕೂ ನಾವೇ ಹೂತಿಟ್ಟಿದ್ದ ಮೈನುಗಳನ್ನು ವಾಪಸ್ ತೆಗೆಯಬೇಕಿತ್ತು, ರೈತರು ಗದ್ದೆಗೆ ಬರಬೇಕಲ್ಲ. 1972ರ ಫೆಬ್ರವರಿಯಲ್ಲಿ ಒಂದು ದಿನ ಮಾಮನ ಎಡಗಾಲು ಹರಡಿನ ಕೆಳಗೆ ಹೋಯಿತು. ಅಪ್ಪ ಹೊತ್ತುಕೊಂಡು ಬಂದರು, ಬಿಳಿ ಪಟ್ಟಿಯ ಒಳಗೇ ಹೆಜ್ಜೆ ಇಡುತ್ತಾ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಮಾಮ ಪೆನ್ಷನ್ ಬಂದರು. ಅಪ್ಪ 1986ರವರೆಗೂ ಇದ್ದರು.

ಅಲ್ಲಿಂದ ಐವತ್ತು ವರ್ಷ ಇಬ್ಬರದೂ ಒಂದೇ ಜಗಳ. ಆ ಬೆಳಗ್ಗೆ ಮುಂದೆ ಹೋಗುವ ಸರದಿ ಯಾರದು? ಅಪ್ಪ ಹೇಳುವುದು ತನ್ನದು ಅಂತ, ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ ಇವನು ಮುಂದೆ ಹೋದ ಅಂತ. ಮಾಮ ಹೇಳುತ್ತಿದ್ದದ್ದು ಸುಳ್ಳು, ಸರದಿ ನಂದೇ, ನಿನಗೆ ಲೆಕ್ಕ ಬರಲ್ಲ ಅಂತ. ಮದುವೆ ಮನೆಯಲ್ಲೂ ಇದೇ, ಆಸ್ಪತ್ರೆಯಲ್ಲೂ ಇದೇ.

ಕಾಗದ ಬರೆಯುತ್ತಿದ್ದದ್ದು ಪಲ್ಟನ್ ಹಿಂದಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಒಬ್ಬರಿಗೆ ಕನ್ನಡ ಓದಲು ಬರಲ್ಲ, ಇನ್ನೊಬ್ಬರಿಗೆ ತಮಿಳು. ಇಬ್ಬರೂ ಕಾವೇರಿ ನೀರಿನ ರೈತರು, ಒಬ್ಬರು ಮೇಲೆ, ಒಬ್ಬರು ಕೆಳಗೆ. 1991ರ ಡಿಸೆಂಬರ್ ಗಲಾಟೆಯಲ್ಲಿ ಅಪ್ಪ ಹೆದ್ದಾರಿ ತಡೆಗೆ ಹೋಗಿ ಕೂತು ಬಂದು, ಅದೇ ಸಂಜೆ ಲಾಟೀನು ಇಟ್ಟುಕೊಂಡು ಮಾಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆದರು. ಫೋನ್ ಬಂದ ಮೇಲೆ ಮೊದಲ ಮಾತೇ ಅಣೆಕಟ್ಟೆ. ‘ಕೆಆರ್‌ಎಸ್ ಎಷ್ಟಿದೆ?’ ಅಂತ ಆ ಕಡೆಯಿಂದ, ‘ಮೆಟ್ಟೂರು ಎಷ್ಟಿದೆ?’ ಅಂತ ಈ ಕಡೆಯಿಂದ. ಇಲ್ಲಿ 124.80 ಅಡಿ ತುಂಬಿದರೆ ಅಲ್ಲಿ ಮಾಮ ಸ್ವೀಟ್ ಹಂಚುತ್ತಿದ್ದರಂತೆ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ತಮಿಳುನಾಡು ನಂಬರಿನ ಬಸ್ಸುಗಳಿಗೆ ಬೆಂಕಿ ಹಚ್ಚಿದ ರಾತ್ರಿ ಮಾಮ ಫೋನ್ ಮಾಡಿ, ‘ತಂಬಿ, ಮನೆಯಲ್ಲೇ ಇರು, ನಿನ್ನ ಹಿಂದಿ ಕೇಳಿದರೆ ನಿನ್ನನ್ನೇ ತಮಿಳಿನವನು ಅಂತಾರೆ’ ಅಂದಿದ್ದರು.

ಈಗ ವಿಷಯ. ಹೋದ ತಿಂಗಳು ಮಾಮ ತೀರಿಕೊಂಡರು. ಅವರ ಮಗ ನನಗೆ ಫೋನ್ ಮಾಡಿದ. ಅಪ್ಪನಿಗೆ ಆವತ್ತು ಸ್ವಲ್ಪ ಉಸಿರಾಟದ ತೊಂದರೆ ಇತ್ತು, ಅಮ್ಮ ಹೇಳಬೇಡ ಅಂದರು. ಆಮೇಲೆ ನಾಳೆ, ನಾಡಿದ್ದು ಅಂತ ಐದು ವಾರ ಆಯಿತು. ಅಪ್ಪ ಫೋನ್ ಹಚ್ಚು ಅಂದಾಗಲೆಲ್ಲ ನೆಟ್‌ವರ್ಕ್ ಇಲ್ಲ ಅಂತೀನಿ. ಹೇಳಲಾ, ಬೇಡವಾ? ಹೇಳುವುದಾದರೆ ಹೇಗೆ?

ಗುಂಡಣ್ಣ ತುಮಕೂರು:

ಹೇಳಬೇಡಿ ಗುರುಗಳೇ. ಸ್ಟೆಂಟ್ ಹಾಕಿದ ಜೀವ. ತಿಳಿದು ಏನು ಮಾಡಬೇಕು ಅವರು? ನೆಟ್‌ವರ್ಕ್ ಇಲ್ಲ ಅಂತಲೇ ಇರಲಿ, ಪಾಪ ನೆಮ್ಮದಿಯಾಗಿರುತ್ತಾರೆ.

ಮಿಲಿಟರಿ ಗೆಳೆತನ ಅಂದರೆ ಬೇರೆಯೇ ಬಿಡಿ. ನಮ್ಮ ಕಾರ್ಯಪ್ಪನವರ ವಿಷಯ ಗೊತ್ತಲ್ವಾ, 1965ರಲ್ಲಿ ಅವರ ಮಗನ ವಿಮಾನ ಪಾಕಿಸ್ತಾನದಲ್ಲಿ ಬಿದ್ದು ಸೆರೆ ಸಿಕ್ಕಾಗ, ದೇಶ ಒಡೆಯುವ ಮುಂಚೆ ಇವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನೇ ಅಲ್ಲಿ ಅಧ್ಯಕ್ಷ. ಮಗನನ್ನು ಬಿಡಿಸುತ್ತೀನಿ ಅಂತ ಹೇಳಿ ಕಳಿಸಿದರೂ ಇವರು ಒಬ್ಬನಿಗೇ ಅಂತ ಬೇಡ ಅಂದರು.

ಕಾಫಿತೋಟ:

ಗುಂಡಣ್ಣ, ಆ ಕತೆ ನಮ್ಮ ಮಡಿಕೇರಿಯಲ್ಲಿ ಬಸ್ ಸ್ಟ್ಯಾಂಡಿನ ನಾಯಿಗೂ ಗೊತ್ತು. ಇಲ್ಲಿ ಕೇಳಿದ್ದಕ್ಕೂ ಅದಕ್ಕೂ ಏನು ಸಂಬಂಧ?

ಹೊಳೆದಂಡೆ, ದಯವಿಟ್ಟು ಹೇಳಿ. ನಾವು ಹೇಳದೆ ಕೆಟ್ಟವರು. ನಮ್ಮ ತಾತ 1965ರ ಯುದ್ಧ ನೋಡಿದವರು, ಅವರಿಗೆ ಅಮೃತಸರದ ಕಡೆಯ ಒಬ್ಬ ಸರ್ದಾರ್ಜಿ ಗೆಳೆಯ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಎರಡು ಕೆಜಿ ಕಾಫಿ ಪುಡಿ ಬಟ್ಟೆಯಲ್ಲಿ ಹೊಲಿದು ಪಾರ್ಸೆಲ್ ಮಾಡುತ್ತಿದ್ದರು. ಅಲ್ಲಿ ಅವರ ಮನೆಯಲ್ಲಿ ಯಾರೂ ಕಾಫಿ ಕುಡಿಯಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು, ಆ ಅಜ್ಜ ಒಬ್ಬರೇ ಮಾಡಿಕೊಂಡು ಕುಡಿಯುತ್ತಿದ್ದರಂತೆ, ಅದೂ ಕೆಟ್ಟದಾಗಿ. ಅವರು ತೀರಿಕೊಂಡಾಗ ನಮ್ಮಪ್ಪ ತಾತನಿಗೆ ಹೇಳಲಿಲ್ಲ. ಆ ಮನೆಯವರಿಗೂ ಹೇಳಬೇಡಿ ಅಂದರು. ಆ ವರ್ಷವೂ ಪಾರ್ಸೆಲ್ ಹೋಯಿತು, ಅವರು ಮರ್ಯಾದೆಗೆ ಸಿಕ್ಕಿತು ಅಂತ ಫೋನ್ ಮಾಡಿದರು.

ಹತ್ತು ತಿಂಗಳಾದ ಮೇಲೆ ತಾತ ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ಇನ್ನೊಬ್ಬ ಹಳೇ ಸೈನಿಕರು ಮಾತಿನ ಮಧ್ಯೆ ಅಂದುಬಿಟ್ಟರು. ತಾತ ಮನೆಗೆ ಬಂದು ಸಾಮಾನಿನ ಚೀಲ ಕೆಳಗಿಟ್ಟು ಕೇಳಿದ್ದು ಒಂದೇ, ‘ಸತ್ತವನಿಗೆ ಕಾಫಿ ಪುಡಿ ಕಳಿಸಿಬಿಟ್ಟೆನಲ್ಲೋ?’ ಆಮೇಲೆ ನಮ್ಮಪ್ಪನ ಜೊತೆ ಮಾತು ಕಮ್ಮಿ ಮಾಡಿದರು. ಸಾಯುವವರೆಗೂ ಅದು ಸರಿ ಹೋಗಲಿಲ್ಲ. ಅವರ ಹಾರ್ಟಿಗೆ ಏನೂ ಆಗಲಿಲ್ಲ, ಅಂದ ಹಾಗೆ.

ಹಳೇತಂಬಿ:

ನಾನೂ ಅದೇ ಹಲಸೂರಿನವನು, ನಿಮ್ಮ ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವನು. ಮದ್ರಾಸ್ ಸ್ಯಾಪರ್‌ಗಳಿಗೆ ಸೈನ್ಯದಲ್ಲೆಲ್ಲ ತಂಬಿ ಅಂತಲೇ ಕರೆಯುವುದು, ಕನ್ನಡಿಗನಾದರೂ ಮಲಯಾಳಿಯಾದರೂ ತಂಬಿಯೇ. ಮಾಮ ಫೋನಿನಲ್ಲಿ ತಂಬಿ ಅಂದರು ಅಂತ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆ ಸರದಿಯ ಜಗಳ ನಿಮಗೆ ತಮಾಷೆಯ ಹಾಗೆ ಕಾಣಬಹುದು. ಮೈನ್ ತೆಗೆಯುವಾಗ ಒಬ್ಬನೇ ಜಾಸ್ತಿ ಹೊತ್ತು ಮಾಡಿದರೆ ಕಣ್ಣು ಸೋಲುತ್ತೆ, ಕೈ ಮರಗಟ್ಟುತ್ತೆ, ಅದಕ್ಕೇ ಸರದಿ. ನಿನ್ನ ಸರದಿಯಲ್ಲಿ ಇನ್ನೊಬ್ಬ ಹೋದ ಅನ್ನುವುದು ಎದೆಯೊಳಗೆ ಸಣ್ಣ ಚೂರಿನ ಹಾಗೆ ಉಳಿದುಬಿಡುತ್ತೆ. ನಿಮ್ಮ ಮಾಮ ಐವತ್ತು ವರ್ಷ ಸರದಿ ನಂದೇ ಅಂತ ಹಟ ಹಿಡಿದಿದ್ದು ಯಾಕೆ ಅಂತ ಯೋಚನೆ ಮಾಡಿ. ನಿಜವಾಗಿ ಯಾರದಾಗಿತ್ತೋ ದೇವರಿಗೇ ಗೊತ್ತು.

ಹೇಳಲೇಬೇಕು. ಡಿಸೆಂಬರ್ 16ಕ್ಕೆ, ವಿಜಯ ದಿವಸದ ದಿನ, ಫೋನ್ ಬರದಿದ್ದರೆ ಅವರಿಗೇ ಗೊತ್ತಾಗುತ್ತೆ, ನಾವು ಅಷ್ಟು ದಡ್ಡರಲ್ಲ. ಸುತ್ತಿ ಬಳಸಿ ‘ಹುಷಾರಿಲ್ಲವಂತೆ’ ಅಂತ ಶುರು ಮಾಡಬೇಡಿ. ನೇರವಾಗಿ ಹೇಳಿ.

ಇನ್ನೊಂದು, ಇದು ಬಹಳ ಮುಖ್ಯ. ಮಾಮ ಪೆನ್ಷನ್ ಬಂದ ಮೇಲೆ ಮದುವೆಯಾಗಿದ್ದರೆ ಹೆಂಡತಿಯ ಹೆಸರು ಪೆನ್ಷನ್ ಆರ್ಡರ್‌ನಲ್ಲಿ ಸೇರಿದೆಯಾ ಅಂತ ಅವರ ಮಗನನ್ನು ಕೇಳಿ. ಆ ಕಾಲದವರು ಎಷ್ಟೋ ಜನ ಸೇರಿಸಿಯೇ ಇಲ್ಲ. ಸೇರಿಸದಿದ್ದರೂ ಆ ತಾಯಿಗೆ ಕುಟುಂಬ ಪೆನ್ಷನ್ ಹಕ್ಕು ಇದೆ, ಆದರೆ ಓಡಾಟ ಬೇಕು. ಅವರ ಜಿಲ್ಲೆಯ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ಡಿಸ್ಚಾರ್ಜ್ ಪುಸ್ತಕ, ಮರಣ ಪ್ರಮಾಣಪತ್ರ ಹಿಡಿದು ಹೋಗಲಿ.

ನೈಟ್‌ಡ್ಯೂಟಿ:

ನಾನು ನರ್ಸ್, ಹೃದಯದ ವಾರ್ಡಿನಲ್ಲೇ ಕೆಲಸ. ಅವರನ್ನು ನೋಡುವ ಡಾಕ್ಟರಿಗೆ ಮೊದಲು ಒಂದು ಮಾತು ಹೇಳಿ. ಬೆಳಗ್ಗೆ ತಿಂಡಿ, ಮಾತ್ರೆ ಆದ ಮೇಲೆ ಹೇಳಿ, ರಾತ್ರಿ ಬೇಡ. ಆ ದಿನ ಮನೆಯಲ್ಲಿ ಜನ ಇರಲಿ. ಅತ್ತರೆ ಅಳಲಿ, ಸುಮ್ಮನಿರಿ ಅಂತ ತಡೆಯಬೇಡಿ. ಎದೆ ನೋವು, ಬೆವರು ಬಂದರೆ ಕಾಯದೆ ಆಸ್ಪತ್ರೆಗೆ. ಅಷ್ಟೇ.

ಗುಂಡಣ್ಣ ತುಮಕೂರು:

ಕಾಫಿತೋಟದವರ ಕತೆ ಓದಿ ನನ್ನ ಮಾತು ವಾಪಸ್ ತಗೊಂಡೆ. ನಾಯಿಯ ವಿಷಯ ಮಾತ್ರ ಜಾಸ್ತಿ ಆಯಿತು.

ಹೊಳೆದಂಡೆ:

ಇಪ್ಪತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೀನಿ.

ಡಾಕ್ಟರಿಗೆ ಹೇಳಿದೆ. ಭಾನುವಾರ ಬೆಳಗ್ಗೆ ಇಡ್ಲಿ ತಿಂದ ಮೇಲೆ ಜಗಲಿಯಲ್ಲಿ ಕೂರಿಸಿ ಹೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ. ‘ಯಾವತ್ತು?’ ಅಂದರು. ತಾರೀಖು ಹೇಳಿದೆ. ಬೆರಳಲ್ಲಿ ಲೆಕ್ಕ ಹಾಕಿದರು. ‘ನೆಟ್‌ವರ್ಕ್ ಇರಲಿಲ್ಲ ಅಲ್ವಾ’ ಅಂದರು. ಅಷ್ಟೇ ಬೈದಿದ್ದು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಆಮೇಲೆ ಎದ್ದು ಗದ್ದೆ ಕಡೆ ಹೋದರು. ನಾನು ದೂರದಿಂದ ಹಿಂದೆ ಹೋದೆ. ನಾಲೆ ಪಕ್ಕ ಕೂತಿದ್ದರು. ಹತ್ತಿರ ಹೋದಾಗ ಹೇಳಿದರು, ‘ಸರದಿ ನಂದೇ ಇತ್ತು ಕಣೋ. ಇನ್ನು ಇಲ್ಲ ಅನ್ನೋಕೆ ಅವನಿಲ್ಲ.’ ನಾನು ಹಳೇತಂಬಿಯವರು ಬರೆದಿದ್ದನ್ನು ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ.

ಮಾರನೇ ದಿನವೇ ಹೊರಡೋಣ ಅಂದರು. ಕಾರು ಬೇಡವಂತೆ. ಇಷ್ಟು ವರ್ಷ ಹೋಗುತ್ತಿದ್ದ ಮೈಸೂರಿನಿಂದ ಮಯಿಲಾಡುತುರೈ ಕಡೆ ಹೋಗುವ ರೈಲೇ ಆಗಬೇಕು, ಮಂಡ್ಯದಲ್ಲಿ ಸಂಜೆ ಹತ್ತಿದರೆ ಬೆಳಗಿನ ಜಾವ ಕುಂಭಕೋಣಂ. ಟಿಕೆಟ್ ಸಿಕ್ಕಿದ್ದು ನಾಲ್ಕು ದಿನಕ್ಕೆ. ರಾತ್ರಿಯಿಡೀ ಅಪ್ಪ ಮಲಗಲಿಲ್ಲ, ಈರೋಡಿನಲ್ಲಿ ಹೊಳೆ ದಾಟುವಾಗ ಕತ್ತಲಲ್ಲೇ ಕಿಟಕಿಯಿಂದ ಬಗ್ಗಿ ನೋಡಿ ‘ನೀರು ಇದೆ’ ಅಂದರು.

ಮಾಮಿಗೆ ಕನ್ನಡ ಬರಲ್ಲ, ಅಪ್ಪನಿಗೆ ಅಡುಗೆ ಮನೆ ತಮಿಳು ಅಷ್ಟೇ. ಇಬ್ಬರೂ ಒಂದು ಗಂಟೆ ಮಾತಾಡಿದರು, ಏನು ಅಂತ ನನಗೆ ಪೂರ್ತಿ ಅರ್ಥ ಆಗಲಿಲ್ಲ. ಮಾಮನ ಕೃತಕ ಕಾಲು ಬಾಗಿಲ ಹಿಂದೆ ಇತ್ತು, ಶೂ ಸಮೇತ. ಅಪ್ಪ ಅದರ ಶೂ ದಾರ ಬಿಚ್ಚಿಹೋಗಿದ್ದನ್ನು ನೋಡಿ ಕೂತು ಕಟ್ಟಿದರು. ಅಪ್ಪ ಬರೆದ ಕಾಗದಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ತಗೊಂಡು ಹೋಗಿ ಅಂದರು ಮಾಮಿ. ಅಪ್ಪ ಬೇಡ, ಅವನದು ಅಂದರು.

ಹಳೇತಂಬಿ ಸರ್, ನೀವು ಹೇಳಿದ್ದು ನಿಜ. ಮದುವೆ ಆಗಿದ್ದು 1975ರಲ್ಲಿ, ಪೆನ್ಷನ್ ಆರ್ಡರ್‌ನಲ್ಲಿ ಮಾಮಿಯ ಹೆಸರೇ ಇಲ್ಲ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪ ಈಗ ದಿನಾ ಬೆಳಗ್ಗೆ ಮಾಮನ ಮಗನಿಗೆ ಫೋನ್ ಮಾಡಿ ಯಾವ ಕಾಗದ ಎಲ್ಲಿಗೆ ಹೋಯಿತು ಅಂತ ವಿಚಾರಿಸುತ್ತಾರೆ, ಮಧ್ಯೆ ಮೆಟ್ಟೂರು ಎಷ್ಟಿದೆ ಅಂತಲೂ ಕೇಳುತ್ತಾರೆ. ಹೆಸರು ವ್ಯತ್ಯಾಸಕ್ಕೆ ಅಫಿಡವಿಟ್ ಒಂದೇ ಸಾಕಾ, ಅಥವಾ ಗ್ರೂಪಿನ ರೆಕಾರ್ಡ್ಸ್ ಆಫೀಸಿಗೂ ಬರೆಯಬೇಕಾ? ಸ್ವಲ್ಪ ಬೇಗ ತಿಳಿಸಿ.