ಹಳೆಯ ಫೈಬರ್ ಬೋಟ್: ಯಾರು ಕಟ್ಟಿದ್ದು, ಯಾವ ವರ್ಷದ್ದು?

ಸಾಗರದವ:
ತಾಳಗುಪ್ಪದ ಹತ್ತಿರ ಶೆಡ್ಡೊಂದರಲ್ಲಿ ಫೈಬರ್ ಮೋಟಾರ್ ಬೋಟ್ ಮಾರಾಟಕ್ಕಿದೆ. ಶರಾವತಿ ಹಿನ್ನೀರಿನಲ್ಲಿ ಓಡಿದ್ದು. ಮಾರುವವರು "ಮುಳುಗಡೆ ಕಾಲದ್ದು, ಅಮೆರಿಕದ ಮಾಲು" ಅನ್ನುತ್ತಾರೆ. ಕಾಗದಪತ್ರ ಯಾವುದೂ ಇಲ್ಲ. ಉದ್ದ 15 ಅಡಿ 8 ಇಂಚು, ಅಗಲ 6 ಅಡಿ 2 ಇಂಚು. ತಳಕ್ಕೆ ಮುಂದುಗಡೆ ಮೂರು ಏಣು. ಬಣ್ಣದ ಪದರಗಳಲ್ಲಿ ಮೇಲೆ ನೀಲಿ, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ಬಿಳಿ. ಸ್ಟೀರಿಂಗ್ ಪಕ್ಕ ನಾಲ್ಕು ರಿವೆಟ್ ತೂತುಗಳಿವೆ, ತಗಡು ಇಲ್ಲ. ಟ್ರಾನ್ಸಮ್ಮಿನ (ಎಂಜಿನ್ ನೇತುಹಾಕುವ ಹಿಂಬದಿ ಗೋಡೆಯ) ಬಲತುದಿಯಲ್ಲಿ ಬಣ್ಣದಡಿ ಅಕ್ಷರಗಳು ಬೆರಳಿಗೆ ತಾಗುತ್ತವೆ, ಕೊನೆಯ ನಾಲ್ಕು ಮಾತ್ರ "ಎಂ 7 8 ಸಿ" ಎಂದು ಓದಲು ಬರುತ್ತದೆ. ಎಂಜಿನ್ ಜಾನ್ಸನ್, ಬ್ರಾಕೆಟ್ ತಗಡಿನಲ್ಲಿ "ಜೆ 25 ಇ ಸಿ ಯು ಆರ್" ಎಂದಿದೆ. ತಳದಲ್ಲಿ ಅಲ್ಲಲ್ಲಿ ಗುಳ್ಳೆ. ಇಷ್ಟರಿಂದ ವರ್ಷ ಹೇಳಬಹುದೇ?

ಹಿನ್ನೀರು77:
ಹೇಳಬಹುದು. ಆದರೆ ಹಲ್ (ಬೋಟಿನ ಮೈ) ಬೇರೆ, ಎಂಜಿನ್ ಬೇರೆ. ಒಂದರ ವಯಸ್ಸನ್ನು ಇನ್ನೊಂದಕ್ಕೆ ಕಟ್ಟಬೇಡಿ.

ಅಮೆರಿಕದಲ್ಲಿ 1972ರ ನವೆಂಬರ್ 1ರಿಂದ ಹೊಸದಾಗಿ ಕಟ್ಟುವ ಪ್ರತಿ ಬೋಟಿಗೂ ಹಲ್ ನಂಬರ್ ಕಡ್ಡಾಯವಾಯಿತು. ಅದರಲ್ಲಿ ಒಟ್ಟು 12 ಅಕ್ಷರ-ಅಂಕಿ. ಮೊದಲ ಮೂರು ಕಟ್ಟಿದವರ ಸಂಕೇತ, ನಡುವಿನ ಐದು ಕ್ರಮಸಂಖ್ಯೆ, ಕೊನೆಯ ನಾಲ್ಕು ತಾರೀಖು. ಜಾಗವೂ ಸರಿಯಾಗಿಯೇ ಇದೆ: ಟ್ರಾನ್ಸಮ್ಮಿನ ಬಲಗಡೆ, ಮೇಲಂಚಿನಿಂದ ಎರಡು ಇಂಚಿನೊಳಗೆ. ಒಂಬತ್ತನೇ ಸ್ಥಾನದಲ್ಲಿ "ಎಂ" ಇದ್ದರೆ ಮುಂದಿನ ಎರಡು ಅಂಕಿ ಮಾಡೆಲ್ ವರ್ಷ, ಕೊನೆಯ ಅಕ್ಷರ ತಿಂಗಳು. ಇಲ್ಲಿ ಎಲ್ಲರೂ ಎಡವುತ್ತಾರೆ. ಈ ಪದ್ಧತಿಯಲ್ಲಿ "ಎ" ಅಂದರೆ ಜನವರಿ ಅಲ್ಲ, ಆಗಸ್ಟ್. ಹಾಗಾಗಿ "ಸಿ" ಅಕ್ಟೋಬರ್. 1978ರ ಮಾಡೆಲ್ ವರ್ಷ ಹಿಂದಿನ ಆಗಸ್ಟಿನಲ್ಲೇ ಶುರುವಾಗುವುದರಿಂದ ನಿಮ್ಮದು 1977ರ ಅಕ್ಟೋಬರ್. "ಎಂ" ಪದ್ಧತಿ 1984ರಲ್ಲಿ ನಿಂತಿತು. ಆಮೇಲಿನ ಬೋಟುಗಳಲ್ಲಿ ಒಂಬತ್ತನೆಯದೇ ತಿಂಗಳ ಅಕ್ಷರ, ಅಲ್ಲಿ "ಎ" ಜನವರಿಯೇ.

ಶರಾವತಿ ಹಿನ್ನೀರಿಗೆ ಊರು ಮುಳುಗಿದ್ದು ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದು 1964ರದ್ದು. ಆಗ ಈ ನಂಬರಿನ ಪದ್ಧತಿಯೇ ಇರಲಿಲ್ಲ. ಮುಳುಗಡೆ ಕಾಲದ ಮಾತು ನಿಲ್ಲುವುದಿಲ್ಲ.

ಎಂಜಿನ್ನಿಗೆ ಬೇರೆ ಲೆಕ್ಕ. 1980ರಿಂದ 1998ರವರೆಗಿನ ಜಾನ್ಸನ್, ಎವಿನ್ರೂಡ್‌ಗಳಲ್ಲಿ ಕೊನೆಯ ಅಕ್ಷರ ಬಿಟ್ಟು ಅದರ ಹಿಂದಿನ ಎರಡು ಅಕ್ಷರ ವರ್ಷ ಹೇಳುತ್ತವೆ. ಐ, ಎನ್, ಟಿ, ಆರ್, ಓ, ಡಿ, ಯು, ಸಿ, ಇ, ಎಸ್: ಇದೇ ಕ್ರಮದಲ್ಲಿ 1ರಿಂದ 9, ಕೊನೆಗೆ 0. "ಸಿ ಯು" ಅಂದರೆ 87. 25 ಅಶ್ವಶಕ್ತಿ, "ಇ" ಇರುವುದರಿಂದ ಬ್ಯಾಟರಿ ಸ್ಟಾರ್ಟ್, "ಎಲ್" ಇಲ್ಲದ್ದರಿಂದ ಗಿಡ್ಡ ಶಾಫ್ಟ್ (ಪ್ರೊಪೆಲ್ಲರಿಗೆ ಇಳಿಯುವ ಕಾಲು). ಗಿಡ್ಡ ಶಾಫ್ಟಿಗೆ ಟ್ರಾನ್ಸಮ್ ಎತ್ತರ ಸುಮಾರು 15 ಇಂಚು ಇರಬೇಕು. 20 ಇಂಚು ಇದ್ದರೆ ಪ್ರೊಪೆಲ್ಲರ್ ಮೇಲೆ ಉಳಿದು ಗಾಳಿ ಎಳೆಯುತ್ತದೆ, ಎಂಜಿನ್ ಕೂಗುತ್ತದೆ, ಬೋಟ್ ಮುಂದೆ ಹೋಗುವುದಿಲ್ಲ. ಅಳೆದು ನೋಡಿ.

ಇನ್ನು ಮೊದಲ ಮೂರು ಅಕ್ಷರ. ಅಲ್ಲಿಗೆ ಗ್ರೈಂಡರ್ ಮಾತ್ರ ಹಿಡಿಯಬೇಡಿ ಮಾರಾಯ್ರೆ. ಗೆಲ್‌ಕೋಟ್ ಅಂದರೆ ಹೊರಮೈಯ ಪಾಲಿಯೆಸ್ಟರ್ ಪದರ, ಅದು ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು, ನಂಬರ್ ಪುಡಿಯಾಗಿ ಹೋಗುತ್ತದೆ. ಮಿಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್ ಕೂಡ ಬೇಡ, ಅದು ಗೆಲ್‌ಕೋಟನ್ನೇ ತಿನ್ನುತ್ತದೆ. ಸೋಪುನೀರಿನಲ್ಲಿ ತೊಳೆದು, 400 ನಂಬರಿನ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತಾ ಕೈಯಲ್ಲೇ ಉಜ್ಜಿ. ಬಿಳಿ ಕಾಣುತ್ತಿದ್ದಂತೆ ನಿಲ್ಲಿಸಿ. ಒಣಗಿದ ಮೇಲೆ ಇದ್ದಿಲ ಪುಡಿ ಸವರಿ ಒರೆಸಿದರೆ ತಗ್ಗಿನ ಅಕ್ಷರಗಳಲ್ಲಿ ಕಪ್ಪು ಉಳಿಯುತ್ತದೆ. ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ. ಆ ಮೂರು ಅಕ್ಷರವನ್ನು ಅಮೆರಿಕದ ಕೋಸ್ಟ್ ಗಾರ್ಡ್‌ನ ಪಟ್ಟಿಯಲ್ಲಿ ಹುಡುಕಬಹುದು. ಮುಚ್ಚಿಹೋದ ಕಂಪನಿಯ ಸಂಕೇತವನ್ನು ಇನ್ನೊಬ್ಬರಿಗೆ ಕೊಟ್ಟಿರುವುದುಂಟು, ಆದ್ದರಿಂದ 1977ರಲ್ಲಿ ಅದು ಯಾರ ಕೈಯಲ್ಲಿತ್ತು ಎಂದೇ ನೋಡಬೇಕು.

ಲಕ್ಕವಳ್ಳಿ ಹುಟ್ಟು:
ಮೇಲಿನ ಲೆಕ್ಕ ಸರಿ. ನನ್ನ ಅನುಮಾನ ಬೇರೆ ಕಡೆ. ಹೊರದೇಶದ ಬೋಟಿನ ಮೇಲೇ ಅಚ್ಚು ತೆಗೆದು ನಕಲು ಇಳಿಸುವುದು ಫೈಬರ್ ಕೆಲಸದಲ್ಲಿ ಹೊಸದಲ್ಲ. ಮೂರು ಏಣಿನ ತಳ 60-70ರ ದಶಕದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಆದರೆ ಆಕಾರ ಹೇಳುವುದು ಅಚ್ಚಿನ ವಯಸ್ಸು, ಬೋಟಿನದ್ದಲ್ಲ. ಟ್ರಾನ್ಸಮ್ಮಿನ ತಗ್ಗಕ್ಷರವನ್ನು ಮೇಣದಿಂದ ಮುಚ್ಚದೆ ಅಚ್ಚು ತೆಗೆದಿದ್ದರೆ ನಂಬರೂ ನಕಲಿಗೆ ಬಂದುಬಿಡುತ್ತದೆ! ಹಾಗೆ ಬಂದದ್ದಾದರೆ ಅಕ್ಷರದ ಅಂಚು ಮೊಂಡಾಗಿರುತ್ತದೆ.

ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಹಗ್ಗ ಕಟ್ಟುವ ಕೊಕ್ಕೆಯ ಅಡಿಯಲ್ಲಿ ಯಾರೂ ಬಿಚ್ಚದ ನಟ್ಟಿಗೆ ಸ್ಪ್ಯಾನರ್ ಹಾಕಿ. 10 ಮಿ.ಮೀ. ಸರಿಯಾಗಿ ಕೂತರೆ ಅದು ಮೆಟ್ರಿಕ್ 6, ಅಮೆರಿಕದ ಹಳೆಯ ಬೋಟಿಗೆ ಒಪ್ಪುವುದಿಲ್ಲ. 10 ಕೂರದೆ 7/16 ಇಂಚಿನದು ಕೂತರೆ ಕಾಲಿಂಚಿನ ಬೋಲ್ಟು. ಇಂಚು ಕಂಡಿತೆಂದು ಕುಣಿಯುವ ಹಾಗೂ ಇಲ್ಲ, ಇಂಚಿನ ಬೋಲ್ಟು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತಿದ್ದದ್ದೇ.

ಎರಡನೆಯದು ಹೆಚ್ಚು ನಂಬಿಕೆಯದು. ಟ್ರಾನ್ಸಮ್ಮಿಗೆ ಒಳಗಡೆಯಿಂದ 5 ಮಿ.ಮೀ. ಬಿಟ್‌ನಲ್ಲಿ 25 ಮಿ.ಮೀ. ಆಳಕ್ಕೆ ಮೂರು ತೂತು: ಒಂದು ಮೇಲೆ, ಎರಡು ಕೆಳಗೆ ನೀರು ಬಿಡುವ ಬಿರಡೆಯ ಅಕ್ಕಪಕ್ಕ. ಹೊರಗೆ ತೂರದಂತೆ ಬಿಟ್ಟಿಗೆ ಟೇಪ್ ಸುತ್ತಿಕೊಳ್ಳಿ. ಬರುವ ಹೊಟ್ಟು ನೋಡಿ. ಪದರ ಪದರದ ಪ್ಲೈವುಡ್ಡಾದರೆ ಕಾರ್ಖಾನೆ ಕೆಲಸಕ್ಕೆ ಹೊಂದುತ್ತದೆ. ಇಡೀ ಸಾಗುವಾನಿ ಅಥವಾ ಹೊನ್ನೆ ಹಲಗೆ ಬಂದರೆ ಇಲ್ಲೇ ಕಟ್ಟಿದ್ದು, ಇಲ್ಲವೇ ಇಲ್ಲೇ ಹೊಸದಾಗಿ ಕೂರಿಸಿದ್ದು. ಹೊಟ್ಟು ತಿಳಿ ಬಣ್ಣದ್ದು, ಒಣ ಇದ್ದರೆ ಮರ ಚೆನ್ನಾಗಿದೆ. ಕಪ್ಪಗೆ, ಒದ್ದೆಯಾಗಿ ಬಂದರೆ ಕೊಳೆತಿದೆ. ತೂತುಗಳನ್ನು ಅದೇ ದಿನ ಎಪಾಕ್ಸಿಯಿಂದ (ಎರಡು ಭಾಗ ಬೆರೆಸುವ ಗಟ್ಟಿ ರಾಳ) ಮುಚ್ಚಿ.

ರಿವೆಟ್ ತೂತುಗಳ ಅಂತರವನ್ನೂ ಬರೆದಿಡಿ. 20 ಅಡಿಗಿಂತ ಚಿಕ್ಕ ಬೋಟಿಗೆ ಎಷ್ಟು ಜನ, ಎಷ್ಟು ಪೌಂಡ್, ಎಷ್ಟು ಅಶ್ವಶಕ್ತಿ ಎಂದು ಹೇಳುವ ತಗಡು ಅಮೆರಿಕದಲ್ಲಿ ಕಡ್ಡಾಯವಿತ್ತು, ಓಡಿಸುವವರ ಕಣ್ಣಿಗೆ ಬೀಳುವಲ್ಲೇ ಇರಬೇಕಿತ್ತು. ಕಟ್ಟಿದವರ ಹೆಸರೂ ಸಾಮಾನ್ಯವಾಗಿ ಅದರಲ್ಲೇ ಇರುತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆಯೇ ಎಂದು ಕೇಳಿ ನೋಡಿ.

ಸಾಗರದವ:
10 ಕೂರಲಿಲ್ಲ, 7/16 ಸರಿಯಾಗಿ ಕೂತಿತು. ಅಕ್ಷರಗಳ ಅಂಚು ಚೂಪಾಗಿದೆ. ಮೇಲಿನ ತೂತಿನಲ್ಲಿ ಪದರದ ಪ್ಲೈ, ಒಣ ಹೊಟ್ಟು. ಕೆಳಗಿನ ಎರಡರಲ್ಲೂ ಕಪ್ಪು, ಹಿಂಡಿದರೆ ನೀರು. ಎತ್ತರ 15 ಇಂಚು. ಗುಳ್ಳೆಗಳ ಬಗ್ಗೆ?

ತುಂಗೆದಡ:
ಹಾಗಾದರೆ ಹಲ್ 1977, ಎಂಜಿನ್ 1987 ಎಂದಿಟ್ಟುಕೊಂಡೇ ವ್ಯಾಪಾರ ಮಾಡಿ. ಟ್ರಾನ್ಸಮ್ಮಿನ ಮರ ಪೂರ್ತಿ ಬದಲಾಗಬೇಕು. ಎಂಜಿನ್ನನ್ನು ಮೇಲೆತ್ತಿ ಕೆಳಭಾಗ ಹಿಡಿದು ಅಲ್ಲಾಡಿಸಿ. ಟ್ರಾನ್ಸಮ್ ಬಾಗಿದ್ದು ಕಣ್ಣಿಗೆ ಕಂಡರೆ ರಿಪೇರಿ ಆಗುವವರೆಗೆ ನೀರಿಗೆ ಇಳಿಸಲೇಬೇಡಿ.

ಗುಳ್ಳೆ ಸಮುದ್ರಕ್ಕಿಂತ ಸಿಹಿನೀರಿನಲ್ಲೇ ಹೆಚ್ಚು. ಗೆಲ್‌ಕೋಟ್ ದಾಟಿ ಒಳಹೋದ ನೀರು ರಾಳದ ಕರಗುವ ಅಂಶದೊಡನೆ ಸೇರಿ, ಮತ್ತಷ್ಟು ನೀರೆಳೆದುಕೊಂಡು ಉಬ್ಬುತ್ತದೆ. ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಂಡು ಒಂದನ್ನು ಚುಚ್ಚಿ. ಅಡಿಯಲ್ಲಿ ಹಸಿರೋ ಬಿಳಿಯೋ ಗಟ್ಟಿಯಾಗಿ ಕಂಡರೆ ಬಣ್ಣದ ಗುಳ್ಳೆ ಅಷ್ಟೆ, ಕೆರೆದು ಬಳಿದರೆ ಸಾಕು. ವಿನೆಗರ್‌ನಂಥ ಹುಳಿವಾಸನೆಯ ದ್ರವ ಬಂದರೆ ಗೆಲ್‌ಕೋಟಿನಡಿಯ ರೋಗ. ಅಂಥ ಗುಳ್ಳೆಯನ್ನು ಗಟ್ಟಿ ಫೈಬರ್ ಸಿಗುವವರೆಗೆ ಬಗೆದು, ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿ, ಮೇಲೆ ಎಪಾಕ್ಸಿ ಕೋಟ್ ಕೊಡಬೇಕು. ಎಪಾಕ್ಸಿ ಬೋಟಿನ ಹಳೆಯ ಪಾಲಿಯೆಸ್ಟರ್ ರಾಳಕ್ಕೆ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಕೊನೆಗೆ ಗೆಲ್‌ಕೋಟ್ ಬೇಡ, ಬಣ್ಣ ಹೊಡೆಯಿರಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕಡೆಯ ಜೂನ್-ಸೆಪ್ಟೆಂಬರ್ ಗಾಳಿಯಲ್ಲಿ ಫೈಬರ್ ಒಣಗುವುದೇ ಇಲ್ಲ, ಒದ್ದೆಯ ಮೇಲೆ ಮುಚ್ಚಿದರೆ ಮುಂದಿನ ವರ್ಷ ಅಲ್ಲೇ ಮತ್ತೆ ಏಳುತ್ತದೆ. ದೀಪಾವಳಿ ಕಳೆದ ಮೇಲೆ ಬೋಟನ್ನು ಮಗುಚಿ, ಬಿರಡೆ ತೆಗೆದು, ಕಟ್ಟೆಯ ಮೇಲೆ ಒಣಗಲು ಬಿಡಿ. ಅಡಿಕೆಯ ಟಾರ್ಪಾಲಿನ್ ಹೊದಿಸುವುದಾದರೆ ಬಿದಿರು ಕೊಟ್ಟು ಒಂದಡಿ ಎತ್ತರದಲ್ಲಿ ಕಟ್ಟಿ, ಮೈಗೆ ಅಂಟಿಸಿದರೆ ಬೆವರುತ್ತದೆ.