ಒಂದೇ ಸೆಟ್ಟಿಂಗ್ ಒಂಬತ್ತು ಫೈಲಲ್ಲಿ, ಸಹಾಯ ಬೇಕು

ನಮಸ್ಕಾರ. ಜಯನಗರದಲ್ಲಿ ನಾವು ಮೂರು ಜನ ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಅದರ ಸೆಟ್ಟಿಂಗ್ ಇಡುವ ಕಾನ್ಫಿಗ್ ಫೈಲ್ ಒಟ್ಟು 9, ಕೆಲವು ಯಾಮಲ್ (YAML), ಕೆಲವು ಜೇಸನ್ (JSON) ರೂಪದಲ್ಲಿ. ಡೇಟಾಬೇಸ್ ಹೋಸ್ಟ್, ಪೋರ್ಟ್, ಟೈಮ್‌ಔಟ್ ಎಲ್ಲದರಲ್ಲೂ ಅದೇ, ಕಾಪಿ ಪೇಸ್ಟ್ ಮಾಡಿದ್ದು.

ಹೋದ ವಾರ ಹೊಸ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅನ್ನು 5433 ಪೋರ್ಟ್‌ನಲ್ಲಿ ಎಬ್ಬಿಸಿದೆವು. ಎಂಟು ಫೈಲ್ ತಿದ್ದಿದೆ, ಒಂದು ಕಣ್ತಪ್ಪಿತು. 5432ರಲ್ಲಿ ಹಳೆಯದು ಇನ್ನೂ ಓಡುತ್ತಿತ್ತಲ್ಲ, ಹಾಗಾಗಿ ಒಂದು ಎರರ್ ಕೂಡ ಬರದೆ ರಾತ್ರಿಯಿಡೀ ಬಿಲ್ಲುಗಳು ಸುಮ್ನೆ ಅದರೊಳಗೆ ಹೋಗಿ ಕೂತವು. ಬೆಳಗ್ಗೆ ಅಂಗಡಿಯವರು ಫೋನ್ ಮಾಡಿ ಬೈದ ಮೇಲೇ ಗೊತ್ತಾಗಿದ್ದು.

ಒಮ್ಮೆ ಬರೆದದ್ದನ್ನು ಬೇರೆ ಕಡೆ ಮತ್ತೆ ಬಳಸಲು ಇರುವ ಯಾಮಲ್ ಆ್ಯಂಕರ್ ಒಂದೇ ಫೈಲಿನ ಒಳಗೆ ಮಾತ್ರ ನಡೆಯುತ್ತದೆ. ಜೇಸನ್‌ನಲ್ಲಿ ಅದೂ ಇಲ್ಲ. ಡಾಟ್ ಎನ್ವ್ (.env) ಫೈಲಲ್ಲಿ ಇಟ್ಟರೆ, ಕಂಟೇನರ್‌ಗಳನ್ನು (ಪ್ರೋಗ್ರಾಂ ಓಡುವ ಪ್ರತ್ಯೇಕ ಡಬ್ಬಿಗಳು) ಎಬ್ಬಿಸುವ ಡಾಕರ್ ಕಂಪೋಸ್ ಅದನ್ನು ತನ್ನ ಫೈಲಿನ ವೇರಿಯಬಲ್ ತುಂಬಲು ಓದುತ್ತದೆ, ಆದರೆ ನಾವು ಹೇಳದೆ ಕಂಟೇನರ್ ಒಳಗೆ ಕಳಿಸುವುದಿಲ್ಲ. ಇದು ತಿಳಿಯೋಕೇ ಅರ್ಧ ದಿನ, ಮೂರು ಕಾಫಿ ಹೋಯ್ತು.

ಒಂದೇ ಮೂಲ ಫೈಲ್ ಇಟ್ಟು ಸ್ಕ್ರಿಪ್ಟ್‌ನಿಂದ ಒಂಬತ್ತನ್ನೂ ಬರೆಸುವುದಾ, ಇಲ್ಲ ಎಲ್ಲವನ್ನೂ ಪ್ರೋಗ್ರಾಂಗೆ ಹೊರಗಿಂದ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ತರುವುದಾ? ಸೆಟ್ಟಿಂಗ್‌ಗಳನ್ನು ಒಂದೇ ಕಡೆ ಇಟ್ಟು ಎಲ್ಲ ಪ್ರೋಗ್ರಾಂಗೂ ಕೊಡುವ ಕಾನ್ಸಲ್ (Consul) ಹಾಕಿ ಅಂತ ಗೆಳೆಯರೊಬ್ಬರು ಹೇಳಿದರು, ಮೂರು ಜನಕ್ಕೆ ಅದು ಜಾಸ್ತಿ ಆಯ್ತು ಅಲ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.