ಸಹಾಯ ಬೇಕು: ಇಂಡಿ, ಚಡಚಣ ಕಡೆ ವಾರಕ್ಕೊಮ್ಮೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಾಕ ಎಷ್ಟು ಹೊತ್ತು ಹಿಡಿತೈತಿ ಅಂತ ನೋಡೋ ರಕ್ತ ಪರೀಕ್ಷೆ) ಎಲ್ಲಿ ಮಾಡ್ತಾರ?

ನಮಸ್ಕಾರ್ರಿ. ಇಂಡಿ ತಾಲೂಕಿನ ಪೇಷಂಟ್ ಒಬ್ಬರಿಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪೋ ತೊಂದರೆ) ಮರಳಿ ಬರದಂಗ ಡಾಕ್ಟರು ಅಮಿಯೊಡರೋನ್ ಅನ್ನೋ ಔಷಧ ಶುರು ಮಾಡ್ಯಾರ. 200 ಮಿ.ಗ್ರಾಂ ಗುಳಗಿ ಮೊದಲ ವಾರ ದಿನಕ್ಕ ಮೂರು, ಎರಡನೇ ವಾರ ಎರಡು, ಆಮ್ಯಾಲ ಒಂದು. ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದಕ್ಕ, ರಕ್ತ ಹೆಪ್ಪುಗಟ್ಟದಂಗ ತಡೆಯೋ ವಾರ್ಫರಿನ್ ಗುಳಗಿ ಮೊದಲಿಂದಲೂ ನಡದೈತಿ.

ತೊಡಕು ಇರೋದು ಇಲ್ಲೇ. ಅಮಿಯೊಡರೋನ್ ಇದ್ದಾಗ ಲಿವರಿನಾಗ ವಾರ್ಫರಿನ್ ಬೇಗ ಕರಗೂದಿಲ್ಲ. 2ರಿಂದ 3ರೊಳಗ ಇರಬೇಕಾದ ಐಎನ್‌ಆರ್ ಏರತಾ ಹೋಗಿ ರಕ್ತಸ್ರಾವ ಆಗಬಹುದು. ಅದೂ ಒಮ್ಮೆಲೇ ಅಲ್ಲ, ಆರೇಳು ವಾರ ಏರತಾನ ಇರತೈತಿ. ಸಾಮಾನ್ಯವಾಗಿ ವಾರ್ಫರಿನ್ ಮೂರನೇ ಒಂದು ಭಾಗದಿಂದ ಅರ್ಧದ ತನಕ ಇಳಸಬೇಕಾಗತೈತಿ. ಎಷ್ಟು ಅನ್ನೋದನ್ನ ಐಎನ್‌ಆರ್ ನೋಡೇ ಡಾಕ್ಟರು ಹೇಳೋದು.

ಅದಕ್ಕ ಇಂಡಿ, ಚಡಚಣ, ಝಳಕಿ ಕಡೆ ಅವತ್ತೇ ರಿಪೋರ್ಟ್ ಕೊಡೋ ಲ್ಯಾಬ್ ಗೊತ್ತಿದ್ರ ತಿಳಿಸ್ರಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಾಗ ರಕ್ತ ಗೆರೆ ತನಕ ತುಂಬೋರೇ ಬೇಕು. ಕಡಿಮಿ ತುಂಬಿದ್ರ ಐಎನ್‌ಆರ್ ಸುಳ್ಳೇ ಹೆಚ್ಚು ತೋರಸತೈತಿ, ಅದನ್ನ ನಂಬಿ ಡೋಸ್ ಇಳಿಸಿದ್ರ ರಕ್ತ ಹೆಪ್ಪುಗಟ್ಟೋ ಅಪಾಯ.

ವಾರ್ಫರಿನ್ 1 ಮಿ.ಗ್ರಾಂ ಸ್ಟ್ರಿಪ್ ಯಾವ ಮೆಡಿಕಲ್‌ನಾಗ ಸಿಗತೈತಿ ಅನ್ನೋದನ್ನೂ ಹೇಳ್ರಿ. 5ರ ಗುಳಗಿ ಕೈಲೆ ಮುರದ್ರ ಚೂರು ಸಮ ಬರೂದಿಲ್ಲ. ಅಮಿಯೊಡರೋನ್‌ಗಾಗಿ ಮಾಡಿಸಬೇಕಾದ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಲಿವರ್ ಟೆಸ್ಟ್ ಆಗ್ಯಾವ. ಅವು ಮತ್ತ ಆರು ತಿಂಗಳಿಗೆ.